ಯೋಚಿಸುವುದು ಮಗುವೋ, ಆಟಿಕೆಯೋ?

ಮಕ್ಕಳ ಹುಟ್ಟುಹಬ್ಬ ಹತ್ತಿರ ಬಂತೆಂದರೆ ಅಪ್ಪ ಅಮ್ಮಂದಿರ ತಲೆಯಲ್ಲಿ ಓಡುವ ಪ್ರಶ್ನೆ ಒಂದೇ: ಏನು ತಂದುಕೊಟ್ಟರೆ ಮಗುವಿನ ಬುದ್ಧಿ ಚುರುಕಾದೀತು? ಅಂಗಡಿಗೆ ಹೋದರೆ ಉತ್ತರ ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ಮಿದುಳು ಬೆಳೆಸುವ ಆಟಿಕೆ, ಗಣಿತ ಕಲಿಸುವ ಆಟಿಕೆ, ಮಾತು ಕಲಿಸುವ ಆಟಿಕೆ. ಗುಂಡಿ ಒತ್ತಿದರೆ ಅಕ್ಷರ ಹೇಳುವ ಹಲಗೆ, ಮುಟ್ಟಿದರೆ ಹಾಡುವ ಪುಸ್ತಕ, ಬಾಲ ಎಳೆದರೆ ಎಣಿಕೆ ಶುರುಮಾಡುವ ಆನೆ. ಬೆಲೆ ಹೆಚ್ಚಿದಷ್ಟೂ ಅದು ಮಾಡುವ ಕೆಲಸಗಳ ಪಟ್ಟಿಯೂ ಉದ್ದವಾಗುತ್ತದೆ. ಆದರೆ ಆ ಪಟ್ಟಿಯಲ್ಲಿರುವುದೆಲ್ಲ ಆಟಿಕೆ ಮಾಡುವ ಕೆಲಸ. ಎಣಿಸುವುದು ಆನೆ, ಹಾಡುವುದು ಪುಸ್ತಕ, ಅಕ್ಷರ ಗುರುತಿಸುವುದು ಹಲಗೆ. ಮಗುವಿಗೆ ಉಳಿಯುವುದು ಗುಂಡಿ ಒತ್ತುವ ಕೆಲಸ ಮಾತ್ರ. ಆದ್ದರಿಂದ ದುಡ್ಡು ಕೊಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ನಾನು ಹೀಗೆ ಇಡುತ್ತೇನೆ: ಇದು ಮಗುವಿನ ಕೈಗೆ ಬಂದ ಮೇಲೆ ಯೋಚನೆ ಮಾಡಬೇಕಾದವರು ಯಾರು?

ಇದು ಹಳೆಯದನ್ನು ಮೆಚ್ಚಿ ಹೊಸದನ್ನು ಹಳಿಯುವವರ ಮಾತಲ್ಲ. ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಆನಾ ಸೋಸಾ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 10ರಿಂದ 16 ತಿಂಗಳ ಕೂಸುಗಳಿದ್ದ 26 ಮನೆಗಳಿಗೆ ಮೂರು ಬಗೆಯ ಸಾಮಾನು ಕೊಟ್ಟರು. ಮಾತಾಡುವ, ದೀಪ ಮಿನುಗುವ ಬ್ಯಾಟರಿ ಆಟಿಕೆಗಳು ಒಂದು ಬಗೆ, ಮರದ ಪಜಲ್, ಆಕಾರ ನೋಡಿ ತೂರಿಸುವ ಡಬ್ಬಿ, ರಬ್ಬರ್ ಇಟ್ಟಿಗೆ ಇನ್ನೊಂದು, ಚಿತ್ರಪುಸ್ತಕಗಳು ಮತ್ತೊಂದು. ಮನೆಯವರು ಮಗುವಿನ ಜೊತೆ ಆಡುವಾಗ ನಡೆದ ಮಾತನ್ನೆಲ್ಲ ಧ್ವನಿಮುದ್ರಿಸಿ ಎಣಿಸಿದಾಗ, ಬ್ಯಾಟರಿ ಆಟಿಕೆ ಇದ್ದಾಗ ದೊಡ್ಡವರ ಮಾತು ಕಡಿಮೆಯಾಗಿತ್ತು, ಮಗುವಿನ ತೊದಲಿಗೆ ಅವರು ಓಗೊಡುವುದೂ ಕಡಿಮೆಯಾಗಿತ್ತು. ಪುಸ್ತಕ ಹಿಡಿದಾಗ ಮಾತು ಎಲ್ಲಕ್ಕಿಂತ ಹೆಚ್ಚು. ಮರದ ಆಟಿಕೆಗಳದು ನಡುವಿನ ಜಾಗ. ಕಾರಣ ಊಹಿಸುವುದು ಕಷ್ಟವಲ್ಲ. ಆಟಿಕೆಯೇ ಮಾತಾಡುತ್ತಿದ್ದರೆ ಅಮ್ಮ ಸುಮ್ಮನಾಗುತ್ತಾಳೆ. ಒಂದು ವರ್ಷದ ಕೂಸಿಗೆ ಮಾತು ಕಲಿಸುವುದು ಅದರ ಕಣ್ಣನ್ನೇ ನೋಡುತ್ತ, ಅದು ತೋರಿಸಿದ್ದರ ಹೆಸರು ಹೇಳುವ ಮನುಷ್ಯರು. ಮಾತು ಕಲಿಸಲೆಂದು ತಂದ ಸಾಮಾನು ಆ ಮನುಷ್ಯರ ಬಾಯನ್ನೇ ಕಟ್ಟಿಹಾಕಿದರೆ ನಷ್ಟ ಮಗುವಿಗೆ. ವಿಡಿಯೊಗಳ ಕಥೆಯೂ ಬೇರೆಯಲ್ಲ. ‘ಬೇಬಿ ಐನ್‌ಸ್ಟೈನ್’ ಎಂಬ ಹೆಸರಿನಲ್ಲಿ ಕೂಸುಗಳಿಗಾಗಿ ಮಾಡಿದ ವಿಡಿಯೊಗಳನ್ನು ಕೊಂಡಿದ್ದವರಿಗೆ ಡಿಸ್ನಿ ಕಂಪನಿ 2009ರಲ್ಲಿ ಹಣ ವಾಪಸು ಕೊಡಲು ಮುಂದಾಗಬೇಕಾಯಿತು. ಹೆಸರಿನಲ್ಲಿ ವಿಜ್ಞಾನಿ ಇದ್ದ ಮಾತ್ರಕ್ಕೆ ನೋಡುವ ಕೂಸಿನ ಬುದ್ಧಿ ಬೆಳೆಯುವುದಿಲ್ಲ.

ಆಟಿಕೆ ಒಳ್ಳೆಯದೇ ಇದ್ದರೂ ನಾವು ಕೊಡುವ ರೀತಿ ಅದನ್ನು ಕೆಡಿಸಬಹುದು. ಸಂಶೋಧಕರಾದ ಎಲಿಜಬೆತ್ ಬೊನಾವಿಟ್ಸ್, ಲಾರಾ ಶುಲ್ಟ್ಸ್ ಮತ್ತು ಜೊತೆಗಾರರು 2011ರಲ್ಲಿ ಬರೆದ ಪ್ರಯೋಗವನ್ನು ಎಲ್ಲ ತಂದೆತಾಯಿ ತಿಳಿದಿರಬೇಕು ಎಂಬುದು ನನ್ನ ಆಸೆ. ಕೊಳವೆಗಳನ್ನು ಜೋಡಿಸಿದ ಒಂದು ಹೊಸ ಆಟಿಕೆ ಮಾಡಿದರು. ಅದರಲ್ಲಿ ನಾಲ್ಕು ಗುಟ್ಟು: ಒಂದು ಕಡೆ ಎಳೆದರೆ ಕೀಂ ಎನ್ನುತ್ತದೆ, ಇನ್ನೊಂದು ಕಡೆ ದೀಪ, ಮತ್ತೊಂದು ಕಡೆ ಸಂಗೀತ, ಕೊಳವೆಯೊಂದರ ಒಳಗೆ ಮುಖ ತಿರುಗಿಸಿ ತೋರಿಸುವ ಕನ್ನಡಿ. ಕೆಲವು ಮಕ್ಕಳಿಗೆ ‘ನೋಡು, ಇದು ಹೀಗೆ ಕೆಲಸ ಮಾಡುತ್ತದೆ’ ಎಂದು ಕೀಂ ಎನ್ನುವುದನ್ನು ಪಾಠದಂತೆ ತೋರಿಸಿದರು. ಇನ್ನು ಕೆಲವರೆದುರು ಅದು ಆಕಸ್ಮಿಕವಾಗಿ ಸದ್ದು ಮಾಡಿದಂತೆ ನಟಿಸಿದರು. ಪಾಠ ಹೇಳಿಸಿಕೊಂಡ ಮಕ್ಕಳು ಆ ಒಂದು ಸದ್ದನ್ನೇ ಮತ್ತೆ ಮತ್ತೆ ಮಾಡಿ ಬೇಗ ಕೈಬಿಟ್ಟರು. ಉಳಿದವರು ಹೆಚ್ಚು ಹೊತ್ತು ತಿರುಗಿಸಿ, ಇಣುಕಿ, ಎಳೆದು, ಹೆಚ್ಚು ಗುಟ್ಟು ಪತ್ತೆಮಾಡಿದರು. ದೊಡ್ಡವರು ಒಂದನ್ನು ಮಾತ್ರ ತೋರಿಸಿದರೆಂದರೆ ಅದರಲ್ಲಿ ಇರುವುದೇ ಅಷ್ಟು ಎಂದು ಮಗು ಲೆಕ್ಕ ಹಾಕುತ್ತದೆ. ಆ ಲೆಕ್ಕ ತಪ್ಪೇನಲ್ಲ, ಅದು ನಮ್ಮ ಮೇಲಿನ ನಂಬಿಕೆ. ಹಾಗಾಗಿ ಹೊಸ ಆಟಿಕೆಯ ಡಬ್ಬಿ ಒಡೆದ ತಕ್ಷಣ ಸೂಚನೆಯ ಹಾಳೆ ಓದಿ ಹೇಳುವ ಆತುರ ಬೇಡ. ಒಂದು ಸಂಜೆಯಾದರೂ ಅದು ಮಗುವಿನ ಕೈಯಲ್ಲಿ ಬರೀ ವಸ್ತುವಾಗಿ ಇರಲಿ.

ಬಗೆಬಗೆಯಾಗಿ ಬಳಸಬಹುದಾದ ಸಾಮಾನುಗಳಲ್ಲಿ ಮರದ ಇಟ್ಟಿಗೆಗಳಿಗೆ ಮೊದಲ ಜಾಗ ಕೊಡುತ್ತೇನೆ. ಸುಮಾರು ನೂರು ವರ್ಷಗಳ ಹಿಂದೆ ನ್ಯೂಯಾರ್ಕಿನ ಶಿಕ್ಷಕಿ ಕ್ಯಾರೊಲಿನ್ ಪ್ರ್ಯಾಟ್ ರೂಪಿಸಿದ ಇಟ್ಟಿಗೆಗಳು ಇಂದಿಗೂ ಅದೇ ಅಳತೆಯಲ್ಲಿ ತಯಾರಾಗುತ್ತಿವೆ. ದಪ್ಪದ ಎರಡರಷ್ಟು ಅಗಲ, ಅಗಲದ ಎರಡರಷ್ಟು ಉದ್ದ. ಎರಡು ಅರೆ ಇಟ್ಟಿಗೆ ಕೂಡಿಸಿದರೆ ಒಂದು ಇಡೀ ಇಟ್ಟಿಗೆಗೆ ಸರಿಸಮ. ಸೇತುವೆ ಕಟ್ಟುವ ಮಗುವಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಒಂದು ಕಡೆ ಕಂಬ ಗಿಡ್ಡವಾದರೆ ಸೇತುವೆಯೇ ಹೇಳುತ್ತದೆ. ಬಿದ್ದದ್ದನ್ನು ನೋಡಿ, ಯಾಕೆ ಬಿತ್ತು ಎಂದು ಊಹಿಸಿ, ಅಡಿಪಾಯ ಅಗಲ ಮಾಡಿ ಮತ್ತೆ ಕಟ್ಟುವುದೇ ಯೋಚನೆಯ ಕೆಲಸ. ಇಲ್ಲಿ ತಪ್ಪು ತೋರಿಸುವುದಕ್ಕೆ ಕೆಂಪು ದೀಪವೂ ಬೇಡ, ಮೇಷ್ಟ್ರೂ ಬೇಡ. ನಮ್ಮಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಬಳೆಗೋಪುರಗಳಿವೆ, ಚಿಕ್ಕ ಮಕ್ಕಳು ದೊಡ್ಡದರ ಮೇಲೆ ಸಣ್ಣದು ಎಂಬ ಕ್ರಮವನ್ನು ಕೈಯಿಂದ ಕಲಿಯುವುದಕ್ಕೆ ಅವು ಬಹಳ ಚೆಂದ. ಬಡಗಿಯ ಅಂಗಡಿಯಲ್ಲಿ ಉಳಿದ ತುಂಡುಗಳನ್ನು ಒಂದೇ ಅಳತೆಗೆ ಕೊಯ್ಯಿಸಿ, ಅಂಚುಗಳಿಗೆ ಉಪ್ಪುಕಾಗದ ಉಜ್ಜಿಸಿ ತಂದರೂ ಆಟ ಅಷ್ಟೇ ಸೊಗಸಾಗಿ ನಡೆಯುತ್ತದೆ.

ಪಜಲ್ ಕೂಡ ಇದೇ ಜಾತಿಯದು. ಶಿಕಾಗೊ ವಿಶ್ವವಿದ್ಯಾಲಯದ ಸೂಸನ್ ಲೆವಿನ್ ತಂಡ 53 ಮಕ್ಕಳನ್ನು ಎರಡು ವರ್ಷ ದಾಟಿದಾಗಿನಿಂದ ಅವರವರ ಮನೆಯಲ್ಲೇ ಗಮನಿಸುತ್ತ ಬಂದು 2012ರಲ್ಲಿ ವರದಿ ಮಾಡಿತು. ಪಜಲ್ ಆಡುತ್ತಿದ್ದ ಮಕ್ಕಳು ನಾಲ್ಕೂವರೆ ವರ್ಷಕ್ಕೆ ಬಂದಾಗ, ಆಕಾರವನ್ನು ಮನಸ್ಸಿನಲ್ಲೇ ತಿರುಗಿಸಿ ಜೋಡಿಸುವ ಪರೀಕ್ಷೆಯಲ್ಲಿ ಆಡದವರಿಗಿಂತ ಮುಂದಿದ್ದರು. ಪಜಲ್ಲೇ ಇದಕ್ಕೆ ಕಾರಣ ಎಂದು ಇಷ್ಟರಿಂದಲೇ ಹೇಳಲಾಗದು. ಅಂಥ ಮನಸ್ಸಿರುವ ಮಕ್ಕಳೇ ಪಜಲ್ ಕಡೆ ವಾಲಿರಬಹುದು. ಆದರೂ ತುಂಡನ್ನು ತಿರುಗಿಸಿ ನೋಡು, ಅದರ ಮೂಲೆ ಎಲ್ಲಿ ಕೂರುತ್ತೆ, ಮೇಲಿನದಾ ಕೆಳಗಿನದಾ ಎಂದು ಪಕ್ಕದಲ್ಲಿ ಕೂತು ಮಾತಾಡುವುದಕ್ಕೆ ಪಜಲ್‌ನಷ್ಟು ಒಳ್ಳೆಯ ನೆಪ ಬೇರೆ ಸಿಗದು. ಇಲ್ಲಿ ಒಂದು ಮಾತು ಹೇಳಲೇಬೇಕು. ಹೆಣ್ಣುಮಗುವಿಗೆ ಅಡುಗೆ ಸೆಟ್ಟು, ಗಂಡುಮಗುವಿಗೆ ಕಟ್ಟುವ ಇಟ್ಟಿಗೆ ಎಂದು ಉಡುಗೊರೆ ಹಂಚುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಇದರಿಂದ ಇಬ್ಬರಿಗೂ ಅನ್ಯಾಯ. ಅವಳ ಕೈಗೆ ಸೇತುವೆ ಸಿಗುವುದಿಲ್ಲ, ಇವನ ಕೈಗೆ ಮನೆಯಾಟ ಸಿಗುವುದಿಲ್ಲ.

ಮನೆಯಾಟವೂ ಯೋಚನೆಯ ಆಟವೇ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ 1933ರ ಉಪನ್ಯಾಸದಲ್ಲಿ ಅಕ್ಕತಂಗಿಯರಾಗಿ ಆಟವಾಡುವ ಅಕ್ಕತಂಗಿಯರಿಬ್ಬರ ಉದಾಹರಣೆ ಎತ್ತಿಕೊಳ್ಳುತ್ತಾರೆ. ದಿನವೂ ಅವರು ಅಕ್ಕತಂಗಿಯರೇ, ಆಗ ಅದರ ಬಗ್ಗೆ ಯೋಚಿಸುವುದಿಲ್ಲ. ಆಟದಲ್ಲಿ ಮಾತ್ರ ಅಕ್ಕ ಹೇಗಿರಬೇಕು, ತಂಗಿ ಏನು ಮಾಡಬೇಕು ಎಂಬ ನಿಯಮ ಅವರ ಅರಿವಿಗೆ ಬರುತ್ತದೆ. ಬಸ್ ಕಂಡಕ್ಟರ್ ಆದ ಮಗು ಟಿಕೆಟ್ ಕೊಡದೆ ಚಿಲ್ಲರೆ ಕೊಡುವಂತಿಲ್ಲ, ಡಾಕ್ಟರ್ ಆದವಳು ಅಳುವಂತಿಲ್ಲ. ತನ್ನ ಆಸೆಯನ್ನು ತಡೆದು ಪಾತ್ರಕ್ಕೆ ತಕ್ಕಂತೆ ನಡೆಯುವ ಈ ಹಿಡಿತಕ್ಕೆ ಹಳೆ ಸೀರೆ, ಖಾಲಿ ಡಬ್ಬ, ಎರಡು ಚಮಚ ಸಾಕು. ಡಾಕ್ಟರ್ ಸೆಟ್ಟು ತಂದರೆ ತಪ್ಪಿಲ್ಲ. ಆದರೆ ಚಮಚವನ್ನೇ ಥರ್ಮಾಮೀಟರ್ ಎಂದುಕೊಳ್ಳುವ ಮಗು ಒಂದು ಹೆಜ್ಜೆ ಹೆಚ್ಚೇ ಯೋಚಿಸಿರುತ್ತದೆ.

ನಾಲ್ಕೈದು ವರ್ಷ ದಾಟಿದ ಮೇಲೆ ನಿಯಮದ ಆಟಗಳ ಕಾಲ. ಇಲ್ಲಿಗೆ ಬಂದಾಗ ನನ್ನ ಒಲವು ಚೌಕಾಬಾರದ ಕಡೆ, ಯಾಕೆಂದು ಬಿಡಿಸಿ ಹೇಳಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಸಾಲು, ಐದು ಕಂಬ, ಒಟ್ಟು 25 ಮನೆ. ನಾಲ್ಕು ಕವಡೆ, ಇಲ್ಲವೇ ಒಂದು ಮಗ್ಗುಲು ಉಜ್ಜಿದ ನಾಲ್ಕು ಹುಣಸೆ ಬೀಜ. ಒಬ್ಬೊಬ್ಬರಿಗೂ ನಾಲ್ಕು ಕಾಯಿ. ಬಳೆ ಚೂರು, ಗುಂಡಿ, ಕಾಳು ಏನಾದರೂ ಆದೀತು. ಕಾಯಿ ಹೊರಸುತ್ತಿನ 16 ಮನೆ ಸುತ್ತಿ, ಒಳಸುತ್ತಿನ 8 ಮನೆಯಲ್ಲಿ ದಿಕ್ಕು ಬದಲಿಸಿ ನಡೆದು, ನಡುಮನೆ ಸೇರಿದರೆ ಹಣ್ಣು. ಊರಿಂದ ಊರಿಗೆ ನಿಯಮ ಬೇರೆಯಾದರೂ ಮೂಲ ಇಷ್ಟು.

ಐದು ವರ್ಷದ ಮಗು ಇಲ್ಲಿ ಮೊದಲು ಕಲಿಯುವುದು ನೋಟದಲ್ಲೇ ಎಣಿಸುವುದನ್ನು. ಕವಡೆ ಚೆಲ್ಲಿದ ಕೂಡಲೇ ಮೂರು ಎನ್ನುತ್ತದೆ, ಬೆರಳಿಟ್ಟು ಎಣಿಸುವ ಹಂತ ದಾಟಿರುತ್ತದೆ. ಆರೇಳು ವರ್ಷಕ್ಕೆ ಆಯ್ಕೆಯ ಕಷ್ಟ ಶುರು. ಗರ ಮೂರು ಬಿದ್ದಿದೆ, ನಡೆಸಬಹುದಾದ ಕಾಯಿ ನಾಲ್ಕಿವೆ. ಎದುರಾಳಿಯ ಕಾಯಿ ಹೊಡೆಯಲೋ, ಸಿಕ್ಕಿಬೀಳುವಂತಿರುವ ನನ್ನ ಕಾಯನ್ನು ಯಾರೂ ಹೊಡೆಯಲಾಗದ, ಗೆರೆ ಹಾಕಿದ ಮನೆಗೆ ಸೇರಿಸಲೋ, ಹಣ್ಣಾಗುವುದರ ಹತ್ತಿರ ಇರುವುದನ್ನು ದೂಡಲೋ? ಒಂದನ್ನು ಆರಿಸಿಕೊಂಡರೆ ಉಳಿದ ಮೂರನ್ನು ಬಿಡಬೇಕು. ಬಿಟ್ಟದ್ದರ ಫಲ ಎರಡೇ ಸರದಿಯಲ್ಲಿ ಕಣ್ಣೆದುರು ಬರುತ್ತದೆ.

ಇನ್ನೂ ದೊಡ್ಡ ಮಕ್ಕಳಿಗೆ ಅದರೊಳಗೆ ಸಂಭವನೀಯತೆಯ ಗಣಿತವೇ ಕಾದಿದೆ. ನಾಲ್ಕು ಕವಡೆ ಬೀಳಬಹುದಾದ ರೀತಿಗಳು ಒಟ್ಟು 16. ಅವುಗಳಲ್ಲಿ ಎರಡು ಅಂಗಾತ ಬೀಳುವ ರೀತಿ 6, ಒಂದು ಬೀಳುವುದು 4, ಮೂರು ಬೀಳುವುದು 4. ನಾಲ್ಕೂ ಅಂಗಾತ ಬಿದ್ದು ಚೌಕಾ ಆಗುವುದಕ್ಕೆ ಒಂದೇ ದಾರಿ, ಎಲ್ಲ ಕವುಚಿ ಬಿದ್ದು ಎಂಟು ಆಗುವುದಕ್ಕೂ ಒಂದೇ ದಾರಿ. ನಿಜವಾದ ಕವಡೆ ಎರಡು ಮಗ್ಗುಲಿಗೂ ಸಮವಾಗಿ ಬೀಳದ ಕಾರಣ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ದಿಕ್ಕು ಮಾತ್ರ ಇದೇ. ಹಾಗಾದರೆ ನನ್ನ ಕಾಯಿಗೆ ಎರಡು ಮನೆ ಹಿಂದೆ ನಿಂತ ಶತ್ರು ಮೂರು ಮನೆ ಹಿಂದಿರುವವನಿಗಿಂತ ಅಪಾಯ. ಐದು ಮನೆ ಹಿಂದಿದ್ದರೆ ಬಹುಪಾಲು ನಿಶ್ಚಿಂತೆ, ಯಾಕೆಂದರೆ ಒಂದೇ ಗರದಲ್ಲಿ ಐದು ಬೀಳುವುದೇ ಇಲ್ಲ. ಚೌಕಾ ಬಿದ್ದು, ಅದಕ್ಕೆ ಸಿಗುವ ಇನ್ನೊಂದು ಎಸೆತದಲ್ಲಿ ಒಂದು ಬೀಳಬೇಕು. ಹತ್ತು ವರ್ಷದ ಹುಡುಗಿ ಇದನ್ನು ಸೂತ್ರವಾಗಿ ಬರೆಯಲಾರಳು, ಆದರೆ ಅವಳ ಕಾಯಿ ನಿಲ್ಲುವ ಜಾಗ ನೋಡಿದರೆ ಅವಳಿಗೆ ಗೊತ್ತಿರುವುದು ಕಾಣುತ್ತದೆ. ಒಂದು ಸಂಜೆ ಅವಳ ಜೊತೆ ಕೂತು ನೂರು ಸಲ ಕವಡೆ ಚೆಲ್ಲಿ, ಯಾವ ಗರ ಎಷ್ಟು ಸಲ ಬಿತ್ತೆಂದು ಗೆರೆ ಹಾಕಿ ನೋಡಿ. ಪ್ರೌಢಶಾಲೆಯಲ್ಲಿ ಬರುವ ಅಧ್ಯಾಯ ಅವಳಿಗೆ ಹಳೆಯ ಪರಿಚಯವಾಗಿರುತ್ತದೆ.

ಇದೇ ಚೌಕಾಬಾರ ಮೊಬೈಲಿನಲ್ಲೂ ಸಿಗುತ್ತದೆ. ಅಲ್ಲಿ ಕವಡೆ ಚೆಲ್ಲುವುದೂ ಆ್ಯಪ್, ಎಣಿಸುವುದೂ ಆ್ಯಪ್, ಯಾವ ಕಾಯಿ ನಡೆಸಬಹುದೆಂದು ಮಿನುಗಿಸಿ ತೋರಿಸುವುದೂ ಆ್ಯಪ್. ನಿಯಮದ ಬಗ್ಗೆ ಜಗಳವಿಲ್ಲ, ಎದುರಾಳಿಯ ಮುಖವಿಲ್ಲ. ಆಟ ಅದೇ, ಮಗು ಮಾಡುತ್ತಿದ್ದ ಕೆಲಸಗಳು ಒಂದೊಂದಾಗಿ ಮಾಯವಾಗಿವೆ. ದೂರದ ಊರಿನಲ್ಲಿರುವ ಅಜ್ಜಿಯ ಜೊತೆ ಆಡಲು ಅದು ಬೇಕಾದೀತು. ಎದುರಿಗೇ ಕೂತ ಇಬ್ಬರಿಗೆ ನೆಲವೇ ಸಾಕು.

ಹಾವು ಏಣಿಯಾಟವನ್ನು ಬರೀ ಅದೃಷ್ಟದ ಆಟವೆಂದು ತಳ್ಳಿಹಾಕುವವರಿದ್ದಾರೆ. ಅಲ್ಲಿ ಆಯ್ಕೆ ಇಲ್ಲವೆಂಬುದು ನಿಜ, ಸಂಖ್ಯೆ ಇದೆ. ಮನಶ್ಶಾಸ್ತ್ರಜ್ಞರಾದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಸಾಲಾಗಿ ಬರೆದ ಪಟದ ಮೇಲೆ ಆಡಿಸಿದರು. ಎರಡು ವಾರಗಳಲ್ಲಿ ನಾಲ್ಕು ಸಲ, ಒಂದೊಂದು ಸಲ ಕಾಲು ಗಂಟೆಯ ಆಸುಪಾಸು. ಇನ್ನೊಂದು ಗುಂಪಿಗೆ ಅಂಥದೇ ಪಟ, ಅಂಕಿಗಳ ಬದಲು ಬಣ್ಣ. ಅಂಕಿಯ ಪಟದಲ್ಲಿ ಆಡಿದವರು ಎಣಿಕೆ, ಅಂಕಿ ಗುರುತಿಸುವುದು, ಯಾವುದು ದೊಡ್ಡದೆಂದು ಹೇಳುವುದು ಎಲ್ಲದರಲ್ಲೂ ಮುಂದೆ ಬಂದರು. ಒಂಬತ್ತು ವಾರ ಕಳೆದ ಮೇಲೂ ಅದು ಉಳಿದಿತ್ತು. ಆಡಿಸುವ ರೀತಿಯಲ್ಲಿ ಒಂದು ಸೂಕ್ಷ್ಮವಿದೆ. ಐದರ ಮನೆಯಲ್ಲಿರುವ ಮಗುವಿಗೆ ಎರಡು ಬಿದ್ದರೆ ಅದು ‘ಒಂದು, ಎರಡು’ ಎನ್ನಬಾರದು, ಪಟದಲ್ಲಿರುವ ‘ಆರು, ಏಳು’ ಎಂದೇ ಹೇಳುತ್ತ ನಡೆಯಬೇಕು. ನೂರು ಮನೆಯ ಪಟದಲ್ಲೂ ಹೀಗೆ ಎಣಿಸಿದ ಮಕ್ಕಳಿಗೇ ಲಾಭವಾದದ್ದನ್ನು ಮುಂದಿನ ಅಧ್ಯಯನ ತೋರಿಸಿತು. ಹಾವು ಏಣಿ ಆಡುವಾಗ ಮನೆಯಲ್ಲಿ ಇಂದಿನಿಂದಲೇ ಈ ಬದಲಾವಣೆ ಮಾಡಬಹುದು, ಖರ್ಚು ಏನೂ ಇಲ್ಲ.

ಅಳಿಗುಳಿ ಮನೆ, ತುಳುನಾಡಿನವರ ಚೆನ್ನೆಮಣೆ, ಇದಕ್ಕಿಂತ ಮುಂದಿನ ಹಂತ. ಏಳೇಳರ ಎರಡು ಸಾಲು ಗುಳಿ. ಗುಳಿಗೆ ನಾಲ್ಕರಂತೆ ಹಾಕಿದರೆ 56 ಕಾಳು. ಹಂಚುತ್ತ ಹೋದಾಗ ಕೊನೆಯ ಕಾಳು ಎಲ್ಲಿ ಬೀಳುತ್ತದೆ, ಅದರ ಮುಂದಿನ ಗುಳಿ ಖಾಲಿಯೋ ತುಂಬಿದೆಯೋ ಎಂದು ಕೈ ಹಾಕುವ ಮೊದಲೇ ಕಾಣಬೇಕು. ಹುಲಿ ಕುರಿ ಆಟದ್ದು ಬೇರೆಯೇ ಪಾಠ. ಒಂದು ರೂಪದಲ್ಲಿ ಹುಲಿ ಮೂರು, ಕುರಿ ಹದಿನೈದು. ಹುಲಿ ಹಾರಿ ಕೊಲ್ಲುತ್ತದೆ, ಕುರಿ ಕೊಲ್ಲಲಾರದು, ಸುತ್ತುವರಿದು ಕಟ್ಟಿಹಾಕಬೇಕು. ಚದುರಂಗದಲ್ಲಿ ಇಬ್ಬರ ಬಲವೂ ಒಂದೇ. ಇಲ್ಲಿ ಇಬ್ಬರ ಬಲ ಬೇರೆ, ಗುರಿ ಬೇರೆ, ಗೆಲ್ಲುವ ದಾರಿಯೂ ಬೇರೆ. ಒಂದಾಟ ಹುಲಿಯಾಗಿ ಆಡಿದ ಹುಡುಗ ಮುಂದಿನ ಆಟ ಕುರಿಯಾಗಬೇಕು. ಆಗ ಅವನಿಗೆ ಮೊದಲು ತಾನು ಯಾವ ಸಂದುಗಳನ್ನು ಹುಡುಕುತ್ತಿದ್ದೆ ಎಂಬುದು ನೆನಪಾಗಿ, ಅವನ್ನೇ ಮುಚ್ಚುತ್ತಾನೆ. ಎದುರಿನವರ ಕಣ್ಣಿನಿಂದ ನೋಡುವುದು ಅಂದರೆ ಇದು. ಹಂಪಿಯ ಮಂಟಪಗಳ ಹಾಸುಗಲ್ಲುಗಳಲ್ಲಿ ಇಂಥ ಆಟದ ಗೆರೆಗಳು ಇನ್ನೂ ಕಾಣಸಿಗುತ್ತವೆ. ಪ್ರವಾಸ ಹೋದಾಗ ಮಕ್ಕಳಿಗೆ ಕಂಬದ ಜೊತೆ ನೆಲವನ್ನೂ ತೋರಿಸಿ.

ಇಷ್ಟೆಲ್ಲ ಹೇಳಿದ ಮೇಲೆ ಆಟದ ಮಿತಿಯನ್ನೂ ಹೇಳದಿದ್ದರೆ ಡಬ್ಬಿಯ ಮೇಲಿನ ಜಾಹೀರಾತಿಗೂ ಈ ಬರಹಕ್ಕೂ ವ್ಯತ್ಯಾಸ ಉಳಿಯದು. ದೆಹಲಿಯಲ್ಲಿ ಶಿಕ್ಷಣ ಕ್ಷೇತ್ರದ ಪ್ರಥಮ್ ಸಂಸ್ಥೆಯ ಜೊತೆಗೂಡಿ ಸಂಶೋಧಕರಾದ ಎಲಿಜಬೆತ್ ಸ್ಪೆಲ್ಕೆ, ಎಸ್ತರ್ ಡುಫ್ಲೊ ಮತ್ತಿತರರು ನಡೆಸಿದ ದೊಡ್ಡ ಪ್ರಯೋಗ 2017ರಲ್ಲಿ ಪ್ರಕಟವಾಯಿತು. 214 ಶಾಲಾಪೂರ್ವ ಕೇಂದ್ರ, 1540 ಮಕ್ಕಳು, ಸರಾಸರಿ ವಯಸ್ಸು ಐದರ ಹತ್ತಿರ. ಗಣಿತದ ಆಟ ಆಡಿದ ಮಕ್ಕಳಿಗೆ ಚುಕ್ಕಿಗುಂಪುಗಳಲ್ಲಿ ಯಾವುದು ಹೆಚ್ಚೆಂದು ಗುರುತಿಸುವಂಥ, ಅಂಕಿಗಳಿಲ್ಲದ ಗಣಿತ ಚುರುಕಾಯಿತು, ಒಂದು ವರ್ಷ ಕಳೆದರೂ ಉಳಿಯಿತು. ಆದರೆ ಮುಂದೆ ಶಾಲೆಯ ಅಂಕಿಸಂಖ್ಯೆಯ ಗಣಿತ ಕಲಿಯುವಾಗ ಅವರು ಉಳಿದವರಿಗಿಂತ ಮುಂದೆ ಬರಲಿಲ್ಲ. ಆಟದಲ್ಲಿ ಕಲಿತದ್ದು ತಾನಾಗಿ ಪುಸ್ತಕಕ್ಕೆ ಹರಿದುಹೋಗುವುದಿಲ್ಲ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ನಡುವೆ ಯಾರಾದರೂ ಕಾಲುವೆ ತೆಗೆಯಬೇಕು. ಚೌಕಾಬಾರ ಮುಗಿದ ಮೇಲೆ ಎಷ್ಟು ಮನೆ ನಡೆದೆ, ಬರೆದು ಕೂಡು ನೋಡೋಣ ಎನ್ನುವ ಅಮ್ಮ, ಹಂಚಿದ ಕಾಳುಗಳನ್ನು ಗುಣಾಕಾರವಾಗಿ ಹಲಗೆಯ ಮೇಲೆ ತೋರಿಸುವ ಮೇಷ್ಟ್ರು ಆ ಕೆಲಸ ಮಾಡುತ್ತಾರೆ. ಪ್ರತಿ ಆಟಕ್ಕೂ ಪಾಠದ ಬಾಲ ಕಟ್ಟಬೇಕೆಂದಲ್ಲ, ಹಾಗೆ ಮಾಡಿದರೆ ಮಗು ಆಟವನ್ನೇ ಬಿಟ್ಟೀತು. ಅಪರೂಪಕ್ಕೆ, ಮಗುವಿಗೇ ಕುತೂಹಲ ಇದ್ದಾಗ ಸಾಕು.

ಕೊಳ್ಳುವಾಗಿನ ಕೆಲವು ಮಾತು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಬಹುಪಾಲು ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಡಬ್ಬಿಯ ಮೇಲೆ ಅದನ್ನು ಹುಡುಕಿ. ಮೂರು ವರ್ಷದೊಳಗಿನ ಮಗು ಇರುವ ಮನೆಯಲ್ಲಿ ಕವಡೆ, ಹುಣಸೆ ಬೀಜ, ಕಾಳು, ಗೋಲಿ ಎಲ್ಲವೂ ಗಂಟಲಿಗೆ ಅಪಾಯ. ಅಕ್ಕ ಆಡುವಾಗ ತಮ್ಮನ ಮೇಲೆ ಕಣ್ಣಿರಲಿ, ಆಟ ಮುಗಿದೊಡನೆ ಎಣಿಸಿ ಎತ್ತಿಡಿ. ಗುಂಡಿಯಾಕಾರದ ಬ್ಯಾಟರಿಯನ್ನೂ ಬಲವಾದ ಪುಟ್ಟ ಅಯಸ್ಕಾಂತಗಳನ್ನೂ ಮಗು ನುಂಗಿದರೆ ಅನ್ನನಾಳಕ್ಕೋ ಕರುಳಿಗೋ ಗಾಯವಾದೀತು. ಸ್ಕ್ರೂ ಹಾಕಿ ಮುಚ್ಚದ ಬ್ಯಾಟರಿ ಗೂಡು ಇರುವ ಆಟಿಕೆ ಬೇಡವೇ ಬೇಡ. ರಾಶಿ ಹಾಕುವುದೂ ಒಳ್ಳೆಯದಲ್ಲ. ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳ ಮುಂದೆ ಒಮ್ಮೆ ನಾಲ್ಕು, ಇನ್ನೊಮ್ಮೆ ಹದಿನಾರು ಆಟಿಕೆ ಇಟ್ಟು ನೋಡಿದ ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು 2018ರಲ್ಲಿ ಬರೆದಂತೆ, ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಮನೆ ತುಂಬ ಆಟಿಕೆ ಇದ್ದರೆ ಮುಕ್ಕಾಲು ಪಾಲು ಅಟ್ಟಕ್ಕೆ ಹಾಕಿ, ತಿಂಗಳಿಗೊಮ್ಮೆ ಅದಲು ಬದಲು ಮಾಡಿ.

ಸೋಲಿನ ಬಗ್ಗೆಯೂ ಕೇಳುತ್ತಾರೆ: ಮಗು ಅಳುತ್ತದೆ, ಬೇಕೆಂದೇ ಸೋಲಬಹುದೇ? ಐದು ವರ್ಷದವರ ಜೊತೆ ಎಲ್ಲ ಬಲ ಹಾಕಿ ಆಡಬೇಕಿಲ್ಲ. ಆದರೆ ಕದ್ದು ಸೋಲುವ ಬದಲು ಬಹಿರಂಗವಾಗಿ ಬಿಟ್ಟುಕೊಡಿ. ‘ನಾನು ಮೂರೇ ಕಾಯಿ ಇಟ್ಟುಕೊಳ್ಳುತ್ತೇನೆ, ನೀನು ನಾಲ್ಕು’ ಎಂದರೆ ಗೆಲುವು ನಿಜವಾದ ಗೆಲುವಾಗುತ್ತದೆ. ಕೆಲ ತಿಂಗಳಲ್ಲಿ ಮಗುವೇ ‘ಬೇಡ, ನೀನೂ ನಾಲ್ಕು ಇಟ್ಟುಕೋ’ ಎಂದೀತು. ಅದಾದ ಮೇಲೆ ಇನ್ನೊಂದು ಹಂತ ಬರುತ್ತದೆ. ಎಂಟು ಬಿದ್ದರೆ ಎರಡು ಕಾಯಿಗೆ ಹಂಚೋಣವೇ, ಐದರ ಬದಲು ಏಳು ಮನೆಯ ಪಟ ಬರೆಯೋಣವೇ ಎಂದು ಮಕ್ಕಳು ನಿಯಮ ತಿದ್ದಲು ಹೊರಡುತ್ತಾರೆ. ಆಗ ಹಾಗೆಲ್ಲ ಮಾಡಬಾರದು ಎಂದು ತಡೆಯಬೇಡಿ. ಹೊಸ ನಿಯಮ ಎಲ್ಲರಿಗೂ ಒಪ್ಪಿಗೆಯೇ, ಆಟ ಮುಗಿಯದೆ ಸಿಕ್ಕಿಕೊಳ್ಳುವುದಿಲ್ಲವೇ ಎಂದಷ್ಟೇ ಕೇಳಿ, ಅವರ ಪಟದಲ್ಲೇ ನಿಮ್ಮ ಕಾಯಿ ಇಡಿ.